ಬಾರಿನ ಮುಂದೆ ಚೀಲ ಹಿಡಿದು ನಿಂತವನು

ಕೊಟ್ರಪ್ಪನನ್ನು ನಾನು ಎರಡು ವರ್ಷ ಕುಡುಕ ಎಂದೇ ತಿಳಿದಿದ್ದೆ. ಕುಡುಕರಲ್ಲೂ ಕೆಳದರ್ಜೆಯವನು ಎಂದು. ಉಳಿದವರು ಒಳಗೆ ಕುಡಿಯುವಾಗ ಹೊರಗೆ ಅವರ ಚೀಲ ಕಾಯುತ್ತಾ ನಿಂತು, ಕೊನೆಗೆ ಯಾರಾದರೂ ಉಳಿಸಿ ಕೊಡುವ ಒಂದು ಗುಟುಕಿಗೆ ಬಾಯಿ ಬಿಡುವ ಜಾತಿ.

ಹಾಗೆ ತಿಳಿಯುವುದಕ್ಕೆ ಕಾರಣವೂ ಇತ್ತು. ಪೀಣ್ಯ ಎರಡನೇ ಹಂತದಲ್ಲಿರುವ ನಮ್ಮದು ವಾಲ್ವ್ ತಯಾರಿಸುವ ಕಾರ್ಖಾನೆ. ಮೊದಲ ಶಿಫ್ಟು ಬೆಳಿಗ್ಗೆ ಆರಕ್ಕೆ ಶುರುವಾಗಿ ಮಧ್ಯಾಹ್ನ ಎರಡಕ್ಕೆ ಮುಗಿಯುತ್ತದೆ. ಗೇಟಿನಿಂದ ದಾಸರಹಳ್ಳಿ ಕಡೆ ಹೊರಟರೆ ಮೊದಲ ತಿರುವಿನಲ್ಲೇ ಆವಲಪ್ಪನ ಬಾರ್. ನಾನು ಆ ಕಾರ್ಖಾನೆಯ ಸಿಬ್ಬಂದಿ ವಿಭಾಗದಲ್ಲಿ ಡೆಪ್ಯುಟಿ ಮ್ಯಾನೇಜರ್. ಊಟವಾದ ಮೇಲೆ ಇಪ್ಪತ್ತು ನಿಮಿಷ ನಡೆಯಿರಿ, ಇಲ್ಲದಿದ್ದರೆ ಸಕ್ಕರೆ ಇಳಿಯುವುದಿಲ್ಲ ಎಂದು ಡಾಕ್ಟರು ಹೇಳಿದ್ದರಿಂದ ದಿನವೂ ಎರಡರ ಹೊತ್ತಿಗೆ ಆ ತಿರುವಿನವರೆಗೆ ಹೋಗಿ ಬರುತ್ತಿದ್ದೆ. ದಿನವೂ ಅಲ್ಲಿ ಕೊಟ್ರಪ್ಪ ಕಾಣುತ್ತಿದ್ದ. ಒಂದು ಕೈಯಲ್ಲಿ ಮೂರು ಊಟದ ಚೀಲ, ಇನ್ನೊಂದರಲ್ಲಿ ಎರಡು, ಕಣ್ಣು ಬಾರಿನ ಬಾಗಿಲ ಮೇಲೆ. ನನ್ನನ್ನು ಕಂಡರೆ ನಮಸ್ಕಾರ ಮಾಡಲು ಕೈ ಖಾಲಿ ಇಲ್ಲದೆ ಕತ್ತು ಅಲ್ಲಾಡಿಸುತ್ತಿದ್ದ. ಅದನ್ನೂ ನಾನು ಅಮಲಿನ ಲಕ್ಷಣಕ್ಕೇ ಸೇರಿಸಿದ್ದೆ.

ಕಾರ್ಖಾನೆಯೊಳಗೆ ಅವನು ಟೂಲ್ ಕ್ರಿಬ್ ನೋಡಿಕೊಳ್ಳುವವನು. ಅಂದರೆ ಉಪಕರಣಗಳ ಉಗ್ರಾಣದ ಕಿಟಕಿಯಲ್ಲಿ ಕೂತವನು. ಪ್ರತಿ ಕೆಲಸಗಾರನಿಗೂ ನಂಬರು ಕೊರೆದ ಹಿತ್ತಾಳೆ ಬಿಲ್ಲೆ ಕೊಟ್ಟಿರುತ್ತಾರೆ. ಬಿಲ್ಲೆ ಕೊಟ್ಟರೆ ಡ್ರಿಲ್ಲು, ಗೇಜು, ಸ್ಪ್ಯಾನರು ಸಿಗುತ್ತದೆ. ಉಪಕರಣ ತಂದುಕೊಟ್ಟರೆ ಬಿಲ್ಲೆ ಸಿಗುತ್ತದೆ. ಬಿಲ್ಲೆ ಇಲ್ಲದೆ ಕೊಟ್ರಪ್ಪ ಜನರಲ್ ಮ್ಯಾನೇಜರಿಗೂ ಅಳತೆಪಟ್ಟಿ ಕೊಟ್ಟವನಲ್ಲ. ಒಮ್ಮೆ ಅವರು ತಮ್ಮ ವಾಚು ಒತ್ತೆ ಇಟ್ಟು ಪಡೆದಿದ್ದರಂತೆ.

ಕೊರೋನಾ ಮುಗಿದ ಮೇಲೆ ವೈಟ್‌ಫೀಲ್ಡಿನಲ್ಲಿರುವ ನಮ್ಮ ಮುಖ್ಯ ಕಚೇರಿಗೆ, ಕಾರ್ಮಿಕರಿಗೆ ಮನಸ್ಸು ಎಂಬುದೊಂದಿದೆ ಎಂದು ತಿಳಿಯಿತು. ಅಲ್ಲಿಯವರೆಗೆ ನಮ್ಮ ಕಡತಗಳಲ್ಲಿ ಅವರಿಗೆ ಕೈ, ಕಾಲು, ಕಣ್ಣು ಮಾತ್ರ ಇದ್ದವು. ಅವುಗಳಿಗೆ ಗ್ಲೌಸು, ಬೂಟು, ಕನ್ನಡಕ ಕೊಡುತ್ತಿದ್ದೆವು. ಮನಸ್ಸಿಗೆ ಏನು ತೊಡಿಸಬೇಕು ಎಂದು ಆರು ತಿಂಗಳು ಸಭೆ ನಡೆದು, ಕೊನೆಗೆ ಒಂದು ಕೋಣೆ ಎಂದು ತೀರ್ಮಾನವಾಯಿತು. ಸಿಬ್ಬಂದಿ ವಿಭಾಗದ ಪಕ್ಕದ ಸ್ಟೇಷನರಿ ಕೋಣೆಗೆ ಬದನೆ ಹೂವಿನ ಬಣ್ಣ ಬಳಿದು, ನೆಲಕ್ಕೆ ಹುಲ್ಲಿನಂಥ ಚಾಪೆ ಹಾಸಿ, ಮೂರು ಬೀನ್ ಬ್ಯಾಗ್ ಇಟ್ಟರು. ಪರೀಕ್ಷೆಗೆಂದು ಅದರಲ್ಲಿ ಕೂತ ಫಿಟರ್ ಒಬ್ಬನನ್ನು ಇಬ್ಬರು ಹಿಡಿದು ಎಬ್ಬಿಸಬೇಕಾಯಿತು. ಮಂಗಳವಾರ ಪರದೆಯ ಮೇಲೆ ಆಪ್ತ ಸಲಹೆಗಾರರು ಕಾಣಿಸಿಕೊಳ್ಳುವರು. ಮೊಬೈಲಿನಲ್ಲೂ ಒಂದು ಆಪ್. ‘ಇಂದು ನಿಮ್ಮ ಮನಸ್ಸು ಯಾವ ಬಣ್ಣದಲ್ಲಿದೆ?’ ಎಂದು ಬೆಳಿಗ್ಗೆ ಕೇಳುತ್ತದೆ. ಎಲ್ಲರ ಪರವಾಗಿ ಸೂಪರ್‌ವೈಸರೇ ಹಸಿರು ಒತ್ತಿಬಿಡುತ್ತಿದ್ದ, ಉತ್ಪಾದನೆ ತಡವಾಗಬಾರದಲ್ಲ.

ಈ ಮನಸ್ವಾಸ್ಥ್ಯ ಸಮಿತಿಯ ಅಧ್ಯಕ್ಷ ನಾನು. ಕೋಣೆಯ ಬಾಗಿಲಲ್ಲಿ ಒಂದು ರಿಜಿಸ್ಟರ್ ಇಟ್ಟವನೂ ನಾನೇ: ಹೆಸರು, ಬಿಲ್ಲೆ ನಂಬರು, ವಿಭಾಗ, ಬಂದ ಕಾರಣ. ಆರು ತಿಂಗಳಲ್ಲಿ ಮೂರು ಹೆಸರು ಬಿದ್ದಿದ್ದವು. ಎರಡು ನನ್ನವು. ಮೂರನೆಯದು ಎಲೆಕ್ಟ್ರಿಷಿಯನ್ನನದು, ಬಂದ ಕಾರಣ, ‘ಎ.ಸಿ. ರಿಪೇರಿ’.

ಹೀಗೆ ನಮ್ಮ ಸಮಿತಿ ರೋಗಿಗಳಿಗಾಗಿ ಕಾಯುತ್ತಿರುವಾಗ ಸಿಕ್ಕವನು ರೇವಣಸಿದ್ದ. ಯಾದಗಿರಿ ಕಡೆಯ ಹುಡುಗ. ಹುಡುಗ ಎಂದರೆ ಮೂವತ್ತೆರಡು. ಸಿಎನ್‌ಸಿ ಯಂತ್ರದ ಮೇಲೆ ಅವನ ಕೈ ಚಿನ್ನ. ಆದರೆ ಸೋಮವಾರ ಬಂದರೆ ಮಂಗಳವಾರ ಬರುತ್ತಿರಲಿಲ್ಲ, ಮಂಗಳವಾರ ಬಂದರೆ ಸೋಮವಾರ ಬಂದಿರುತ್ತಿರಲಿಲ್ಲ. ಲಾಕ್‌ಡೌನಿನಲ್ಲಿ ಊರಿಗೆ ಹೋದ ಹೆಂಡತಿ ಸುಮಂಗಲಾ ಮಗಳೊಂದಿಗೆ ಅಲ್ಲೇ ಉಳಿದಿದ್ದಳು. ಎರಡು ಎಚ್ಚರಿಕೆ ಪತ್ರ ಆಗಿತ್ತು. ಮೂರನೆಯದನ್ನು ನಾನೇ ಬರೆದೆ: ತೊಂಬತ್ತು ದಿನಗಳಲ್ಲಿ ಒಂದೇ ಒಂದು ದಿನ ಹೇಳದೆ ಕೇಳದೆ ತಪ್ಪಿಸಿಕೊಂಡರೂ ಕೆಲಸವಿಲ್ಲ. ‘ತತ್‌ಕ್ಷಣದಿಂದ ಜಾರಿಗೆ ಬರುವಂತೆ’ ಎಂಬ ಮಾತು ಅದರಲ್ಲಿ ಎರಡು ಸಲ ಬಂದಿತ್ತು. ಚೆನ್ನಾಗಿದೆ ಅನ್ನಿಸಿ ಹಾಗೇ ಬಿಟ್ಟೆ. ಸುಮಂಗಲಾ ಫೋನಿನಲ್ಲಿ ನನಗಿಂತ ಚಿಕ್ಕದಾಗಿ ಹೇಳಿದ್ದಳಂತೆ: ಆ ತೊಂಬತ್ತು ದಿನ ಉಳಿಸಿಕೊಂಡು ತೋರಿಸು, ಬರ್ತೀನಿ, ಇಲ್ಲಂದ್ರ ಇಲ್ಲ.

ಅವನನ್ನು ಬದನೆ ಬಣ್ಣದ ಕೋಣೆಗೆ ಕರೆದು ಮಂಗಳವಾರದ ಸಲಹೆಗಾರರ ಬಗ್ಗೆ ಹೇಳಿದೆ. ಬೀನ್ ಬ್ಯಾಗಿನಲ್ಲಿ ಮುಳುಗಿಹೋಗಿದ್ದ ಅವನು ಮೊಣಕಾಲುಗಳ ನಡುವಿನಿಂದ ನನ್ನನ್ನು ನೋಡಿ, “ಬ್ಯಾಡ್ರಿ ಸಾರ್. ನಾ ಕೊಟ್ರಪ್ಪಣ್ಣಗ ಚೀಲ ಕೊಟ್ಟೀನಿ” ಎಂದ.

ನನಗೆ ತಲೆಬುಡ ತಿಳಿಯಲಿಲ್ಲ. ಕುಡಿತ ಬಿಡಬೇಕಾದವನು ಕುಡುಕನ ಕೈಗೆ ಚೀಲ ಕೊಟ್ಟು ಬಂದಿದ್ದಾನೆ. ಅವತ್ತು ಎರಡು ಗಂಟೆಗೆ ನೆಟ್ಟಗೆ ಬಾರಿನ ಮುಂದೆ ಹೋಗಿ ನಿಂತೆ.

“ಏನ್ ಕೊಟ್ರಪ್ಪ, ಇಲ್ಲಿ?”

“ನಿಂತೀನ್ರಿ ಸಾರ್.”

“ಅದು ಕಾಣ್ತಾ ಇದೆ. ಚೀಲ ಯಾರವು?”

“ಇದು ಮಿಲ್ಲಿಂಗ್ ಶಿವರಾಜಂದು. ಇದು ರೇವಣಸಿದ್ದಂದು. ಇವು ಮೂರು ಪ್ಯಾಕಿಂಗ್‌ನೋರ್ವು.”

“ಐದು ಜನಾನೂ ಒಳಗಿದಾರಾ?”

“ಒಬ್ಬನ ಅದಾನ್ರಿ, ಶಿವರಾಜ. ಉಳದೋರು ದಾಟಿ ಹೋದ್ರು. ಮುಂದ ಬಸ್‌ಸ್ಟಾಪಿನಾಗ ನಿಂತಿರ್ತಾರ.”

ಆಗ ತಿಳಿಯಿತು. ಈ ಒಂಟಿ ಗಂಡಸರೆಲ್ಲ ಊಟಕ್ಕೆ ನಂಬಿಕೊಂಡಿರುವುದು ದಾಸರಹಳ್ಳಿಯ ಬಸಕ್ಕನ ಖಾನಾವಳಿಯನ್ನು. ಬಸಕ್ಕನದು ಒಂದೇ ಕಾನೂನು: ಬೆಳಿಗ್ಗೆ ಒಯ್ದ ಡಬ್ಬಿ ಮೂರರೊಳಗೆ ವಾಪಸ್ ಬರಬೇಕು, ಬರದಿದ್ದರೆ ರಾತ್ರಿ ರೊಟ್ಟಿ ಇಲ್ಲ. ಅಳುವವರಿಗೂ ಇಲ್ಲ, ಅಡ್ಡ ಬೀಳುವವರಿಗೂ ಇಲ್ಲ. ಇದನ್ನು ಕೊಟ್ರಪ್ಪ ತನ್ನ ಕಿಟಕಿಯ ವಿದ್ಯೆಗೆ ಜೋಡಿಸಿದ್ದ. ಇವತ್ತು ಕುಡಿಯಬಾರದು ಅನ್ನಿಸಿದವನು ಗೇಟಿನಲ್ಲಿ ಅವನ ಕೈಗೆ ಡಬ್ಬಿಯ ಚೀಲ ಒತ್ತೆ ಕೊಡಬೇಕು. ಬಾರ್ ದಾಟಿದ ಮೇಲೆ ಬಸ್‌ಸ್ಟಾಪಿನಲ್ಲಿ ವಾಪಸ್ ಸಿಗುತ್ತದೆ. ನಡುವೆ ಯಾರಾದರೂ ಒಳಗೆ ನುಗ್ಗಿದರೆ ಕೊಟ್ರಪ್ಪ ಹೊರಗೆ ನಿಲ್ಲುತ್ತಾನೆ. ಕರೆಯುವುದಿಲ್ಲ, ಬೈಯುವುದಿಲ್ಲ. ಗಾಜಿನ ಬಾಗಿಲಲ್ಲಿ ಕಾಣುವಂತೆ ಸುಮ್ಮನೆ ನಿಲ್ಲುತ್ತಾನೆ.

“ಒಂದು ಮಾತೂ ಬೈಯಲ್ವಾ?”

“ಬೈಸ್ಕೊಂಡೋನು ಒಂದು ಜಾಸ್ತಿ ಕುಡೀತಾನ್ರಿ. ನನಗ ಬೈದೋರೆಲ್ಲಾ ನನಗಿನ್ನಾ ನೆಪ್ಪದಾರ. ಒಬ್ಬೊಬ್ರ ಹೆಸರಿನ ಮ್ಯಾಲ ಒಂದೊಂದ್ ಕ್ವಾರ್ಟರ್ ಕುಡದೀನಿ.”

ಬಾರಿನ ಮಾಲೀಕ ಆವಲಪ್ಪ ಹೊರಗೆ ಬಂದ. ನಮ್ಮ ಕಾರ್ಖಾನೆಯ ಗೇಟು ನಿಂತಿರುವುದು ಅವನ ಅಪ್ಪನ ರಾಗಿ ಹೊಲದಲ್ಲಿ. ಹಾಗಾಗಿ ನಮ್ಮನ್ನೆಲ್ಲ ಬಾಡಿಗೆದಾರರಂತೆ ಮಾತಾಡಿಸುತ್ತಾನೆ.

“ನೀವಾರ ಏಳಿ ಸಾ ಇವ್ನಿಗೆ. ಇಂಗೆ ಬಾಗ್ಲಲ್ಲಿ ದ್ವಾರಪಾಲಕ್ರಂಗೆ ನಿಂತ್ಕಂಡ್ರೆ ಒಳಗಿರೋರ್ಗೆ ಗಂಟ್ಲಲ್ಲಿ ಇಳೀತದಾ? ಅರ್ಧ ಗ್ಲಾಸ್ ಬಿಟ್ಟು ಎದ್ದೋಯ್ತಾರೆ. ಓಗ್ಲಿ ಕುರ್ಚಿ ಆಕ್ತೀನಿ ಕೂತ್ಕಳಪ್ಪ ಅಂದ್ರೆ ಅದೂ ಬ್ಯಾಡಂತೆ.”

“ಕುಂತ್ರ ನಿನ್ನ ಗಿರಾಕಿ ಅಂತಾರ” ಎಂದ ಕೊಟ್ರಪ್ಪ.

ಅಷ್ಟರಲ್ಲಿ ಶಿವರಾಜ ಬಾಯಿ ಒರೆಸಿಕೊಳ್ಳುತ್ತಾ ಹೊರಗೆ ಬಂದು, “ಒಂದ್ ನಿಮಿಷಾನೂ ನೆಮ್ದಿಯಾಗಿ ಕೂರಕ್ ಬಿಡಲ್ಲ ಕಣಣ್ಣ ನೀನು” ಎಂದು ಚೀಲಕ್ಕೆ ಕೈ ಹಾಕಿದ. ಕೊಟ್ರಪ್ಪ ಕೊಡಲಿಲ್ಲ. “ಬಸ್‌ಸ್ಟಾಪಿನಾಗ” ಎಂದ.

ದಾರಿಯಲ್ಲಿ ಅವನ ಕತೆ ಕೇಳಿದೆ. ಕೊಟ್ಟೂರಿನ ಹತ್ತಿರದ ಹಳ್ಳಿಯವನು. ಇಪ್ಪತ್ತಕ್ಕೆ ಗಾರೆ ಕೆಲಸಕ್ಕೆ ಬಂದು, ನಾವೀಗ ಕೂರುವ ಕಚೇರಿಯ ತಾರಸಿಗೇ ಕಾಂಕ್ರೀಟು ಹೊತ್ತು, ಆಮೇಲೆ ಅದೇ ಕಟ್ಟಡದೊಳಗೆ ಕೆಲಸಕ್ಕೆ ಸೇರಿದವನು. ಹದಿನೆಂಟು ವರ್ಷ ಕುಡಿದ. ಮೊದಲ ಲಾಕ್‌ಡೌನಿನಲ್ಲಿ ಅಂಗಡಿಗಳೆಲ್ಲ ಮುಚ್ಚಿದಾಗ ನಾಲ್ಕನೇ ದಿನಕ್ಕೆ ಕೈ ನಡುಗಿತು, ಮೈ ಬೆವೆತಿತು, ಗೋಡೆಯ ಮೇಲೆ ಇಲ್ಲದ ಇರುವೆಗಳು ಸಾಲುಗಟ್ಟಿದವು. ರೂಮಿನವರು ಕೊರೋನಾ ಎಂದು ಹೊರಗಿನಿಂದ ಚಿಲಕ ಹಾಕಿ ಆಂಬುಲೆನ್ಸಿಗೆ ಫೋನು ಮಾಡಿದರು. ಅದೇ ಅವನ ಪುಣ್ಯ. ಕುಡುಕ ನಡುಗುತ್ತಿದ್ದಾನೆ ಎಂದಿದ್ದರೆ ಯಾರೂ ಬರುತ್ತಿರಲಿಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಮೈಯೆಲ್ಲ ಮುಚ್ಚಿಕೊಂಡ ನರ್ಸಮ್ಮ ಒಬ್ಬರು, “ಇದು ಕೊರೋನಾ ಅಲ್ಲಪ್ಪ, ಎಣ್ಣೆ ಇಳೀತಾ ಇರೋದು. ಒಮ್ಮೆಗೇ ನಿಲ್ಸಿದ್ರೆ ಪ್ರಾಣಕ್ಕೇ ಬರತ್ತೆ. ನೀನಾಗಿ ನಿಲ್ಲಿಸಬೇಡ, ನಮ್ಮ ಹತ್ರ ಬಾ” ಎಂದರಂತೆ. ಹತ್ತು ದಿನ ಮಾತ್ರೆ ನುಂಗಿಸಿದರು. ಆಕೆಯ ಮುಖ ಅವನು ಇವತ್ತಿನವರೆಗೂ ನೋಡಿಲ್ಲ. ಅಂದಿನಿಂದ ಯಾರ ಕೈ ನಡುಗಿದರೂ ಮೊದಲು ಆ ಆಸ್ಪತ್ರೆಯಲ್ಲಿ ಗುರುವಾರ ನಡೆಯುವ ಕುಡಿತ ಬಿಡಿಸುವ ಕ್ಲಿನಿಕ್ಕಿಗೆ ಕರೆದೊಯ್ಯುತ್ತಾನೆ. ಚೀಲದ ಮಾತು ಆಮೇಲೆ.

ಇಷ್ಟು ಕೇಳಿದ ಮೇಲೆ ಬುದ್ಧಿ ಇರುವವನು ಏನು ಮಾಡಬೇಕಿತ್ತು? ಸುಮ್ಮನಿರಬೇಕಿತ್ತು. ನಾನು ಮುಖ್ಯ ಕಚೇರಿಗೆ ಎರಡು ಪುಟದ ಮೇಲ್ ಕಳಿಸಿದೆ. ‘ನಾನು ಗುರುತಿಸಿದ ಪ್ರತಿಭೆ’ ಎಂಬ ಮಾತೂ ಅದರಲ್ಲಿತ್ತು. ಅರ್ಧ ಗಂಟೆಯಲ್ಲಿ ಉತ್ತರ ಬಂತು. ವಾರದಲ್ಲಿ ಬದನೆ ಬಣ್ಣದ ಟೀ ಶರ್ಟ್ ಬಂತು. ಬೆನ್ನ ಮೇಲೆ ‘ನನ್ನೊಂದಿಗೆ ಮಾತಾಡಿ’ ಎಂದು ಅಚ್ಚು. ಇನ್ನು ಮೇಲೆ ಕೊಟ್ರಪ್ಪ ಕಂಪನಿಯ ವೆಲ್‌ನೆಸ್ ಚಾಂಪಿಯನ್. ಎರಡರಿಂದ ನಾಲ್ಕರವರೆಗೆ ಆ ಕೋಣೆಯಲ್ಲಿ ಕೂತು ಜನರನ್ನು ಬರಮಾಡಿಕೊಳ್ಳಬೇಕು.

“ಎರಡಕ್ಕ ನಾ ಗೇಟಿನಾಗ ಇರಬೇಕಲ್ರಿ ಸಾರ್.”

“ನೀನ್ಯಾಕಪ್ಪ ಗೇಟಿಗೆ ಹೋಗ್ಬೇಕು? ಅವರೇ ನಿನ್ನ ಹತ್ರ ಬರ್ತಾರೆ.”

“ಬರಂಗಿಲ್ರಿ.”

“ಬರ್ತಾರೆ. ಸರ್ಕ್ಯುಲರ್ ಹಾಕಿದೀನಿ.”

ಸೋಮವಾರ ಯಾರೂ ಬರಲಿಲ್ಲ. ಮಂಗಳವಾರ ಬರಲಿಲ್ಲ. ಬುಧವಾರ ರೇವಣಸಿದ್ದ ಬಾಗಿಲವರೆಗೆ ಬಂದು, ರಿಜಿಸ್ಟರಿನ ನಾಲ್ಕು ಕಾಲಂ ಓದಿ, ದಾರ ಕಟ್ಟಿದ ಪೆನ್ನನ್ನು ಒಮ್ಮೆ ಮುಟ್ಟಿ, ಪಕ್ಕದಲ್ಲೇ ಇದ್ದ ನನ್ನ ಮೇಜು ನೋಡಿ ಹೋಗಿಬಿಟ್ಟ. ಎಚ್ಚರಿಕೆ ಪತ್ರ ಬರೆದ ಕೈಯ ಎದುರಿಗೇ ‘ಬಂದ ಕಾರಣ’ ಬರೆಯಬೇಕೆಂದರೆ ಯಾರು ಬರೆದಾರು? ಇದು ನನಗೆ ಹೊಳೆದದ್ದು ಶುಕ್ರವಾರ. ಗುರುವಾರ ಅವನು ತನ್ನ ಚೀಲ ತಾನೇ ಹಿಡಿದುಕೊಂಡು ಗೇಟು ದಾಟಿದ್ದ. ಶುಕ್ರವಾರ ಬೆಳಿಗ್ಗೆ ಅವನ ಯಂತ್ರದ ಮುಂದೆ ಯಾರೂ ಇರಲಿಲ್ಲ. ತೊಂಬತ್ತರಲ್ಲಿ ನಲವತ್ತೆರಡನೇ ದಿನ. ಸಂಜೆ ಐದರೊಳಗೆ ನಾನು ಅವನನ್ನು ತೆಗೆದುಹಾಕುವ ಪತ್ರಕ್ಕೆ ಜನರಲ್ ಮ್ಯಾನೇಜರ್ ಸಹಿ ಪಡೆಯಬೇಕು.

ಒಂಬತ್ತಕ್ಕೆ ಕೊಟ್ರಪ್ಪ ಬಂದು ಇಸ್ತ್ರಿ ಮಡಿಕೆ ಕೆಡದಂತೆ ಟೀ ಶರ್ಟನ್ನು ನನ್ನ ಮೇಜಿನ ಮೇಲಿಟ್ಟ. “ಇದು ನಿಮ್ಮದ್ರಿ. ನನಗ ಮಧ್ಯಾನದ ಮಟ ಬಿಡ್ರಿ ಸಾಕು” ಎಂದ. ಮುಖ ಸಪ್ಪಗಿತ್ತು, ದನಿಯಲ್ಲಿ ದೂರಿರಲಿಲ್ಲ. ದೂರಿದ್ದರೆ ನಾನು ವಾದ ಮಾಡುತ್ತಿದ್ದೆ. ಸ್ಕೂಟರಿನ ಕೀ ತೆಗೆದುಕೊಂಡು ಅವನ ಹಿಂದೆ ಹೊರಟೆ.

ಮೆಟ್ರೋ ಕಂಬಗಳ ಹಿಂದಿನ ಗಲ್ಲಿಯಲ್ಲಿ, ಒಂದೇ ಕಿಟಕಿಯ ರೂಮಿನಲ್ಲಿ ರೇವಣಸಿದ್ದ ಗೋಡೆಗೆ ಮುಖ ಮಾಡಿ ಮಲಗಿದ್ದ. ಕೈ ನಡುಗುತ್ತಿತ್ತು. ನಾನು ಸಮಿತಿಯ ಪರವಾಗಿ ಆಪ್ತ ಸಲಹೆಯಲ್ಲಿ ಎರಡು ದಿನದ ತರಬೇತಿ ಪಡೆದವನು. “ನೋಡು ರೇವಣಸಿದ್ದ, ನಿನ್ನ ಭಾವನೆಗಳನ್ನ ನಾನು ಗೌರವಿಸ್ತೀನಿ” ಎಂದು ಶುರು ಮಾಡಿದೆ.

“ಸಾರ್, ತಡೀರಿ” ಎಂದ ಕೊಟ್ರಪ್ಪ. ಅವನ ಪಕ್ಕ ಕುಕ್ಕರಗಾಲಲ್ಲಿ ಕೂತ. “ಡಬ್ಬಿ ಎಲ್ಲೈತೋ ತಮ್ಮಾ?”

“ಬಾರಿನಾಗ ಬಿಟ್ಟೀನಿ, ಯಣ್ಣಾ.”

“ಅಂದ್ರ ನಿನ್ನಿ ರಾತ್ರಿ ಉಂಡಿಲ್ಲ.”

“ಇಲ್ಲ. ಕೆಲಸ ಹೋತಲ್ಲಾ? ಸುಮಂಗಲಾಗ ಏನಂತ ಹೇಳ್ಲಿ?” ಎಂದ. ನನ್ನನ್ನು ನೋಡಲಿಲ್ಲ.

ಕೊಟ್ರಪ್ಪ ನನ್ನ ಕಡೆ ತಿರುಗಿದ. “ಸಾರ್, ನೀವು ಡಬ್ಬಿ ತಗೊಂಡು ಬಸಕ್ಕಗ ಕೊಟ್ಟು ರೊಟ್ಟಿ ತರ್ರಿ. ಅಷ್ಟರಾಗ ಇವನ ಮಾರಿ ತೊಳಸ್ತೀನಿ. ಉಂಡಮ್ಯಾಲ ದವಾಖಾನಿ.”

ಹೀಗೆ ಮನಸ್ವಾಸ್ಥ್ಯ ಸಮಿತಿಯ ಅಧ್ಯಕ್ಷನಾದ ನಾನು, ಕುತ್ತಿಗೆಯಲ್ಲಿ ಕಂಪನಿಯ ಗುರುತಿನ ಚೀಟಿ ತೂಗಾಡಿಸಿಕೊಂಡು, ಬೆಳಿಗ್ಗೆ ಹತ್ತೂಮುಕ್ಕಾಲಿಗೆ ಬಾರಿನ ಮೆಟ್ಟಿಲು ಹತ್ತಿದೆ. ಆವಲಪ್ಪ ಊದುಬತ್ತಿ ಬೆಳಗುತ್ತಿದ್ದ.

“ಏನ್ ಸಾ, ನೀವೂ ಸುರು ಅಚ್ಕಂಡ್ರಾ?”

“ಡಬ್ಬಿ ರೀ. ನಿನ್ನೆ ಯಾರೋ ಬಿಟ್ಟೋಗಿದಾರೆ.”

“ಓಹೋ, ಇವತ್ತು ನಿಮ್ ಡ್ಯೂಟಿನಾ” ಎಂದು ಕೌಂಟರಿನ ಕೆಳಗಿನಿಂದ ಚೀಲ ತೆಗೆದುಕೊಟ್ಟ. ಅದನ್ನು ಹಿಡಿದು ನಾನು ಮೆಟ್ಟಿಲು ಇಳಿಯುವುದಕ್ಕೂ ನಮ್ಮ ಜನರಲ್ ಮ್ಯಾನೇಜರ್ ರಾಜೇಂದ್ರ ಅವರ ಕಾರು ತಿರುವಿಗೆ ಬರುವುದಕ್ಕೂ ಸರಿಹೋಯಿತು. ಕಿಟಕಿಯ ಗಾಜು ಇಳಿಯಿತು. ಅವರು ಬೋರ್ಡು ನೋಡಿದರು, ನನ್ನನ್ನು ನೋಡಿದರು, ಚೀಲ ನೋಡಿದರು. ನಾನು ಕತ್ತು ಅಲ್ಲಾಡಿಸಿದೆ. ಗಾಜು ಏರಿತು.

ಬಸಕ್ಕ ಹೊತ್ತು ಮೀರಿದ ಡಬ್ಬಿಯನ್ನು ಇಸಿದುಕೊಂಡು ಮೂಸಿ ನೋಡಿ, “ಇವನ್ನ ತಗದು ಹಾಕ್ತೀನಿ ಅಂದೋರು ನೀವಾ?” ಎಂದಳು. ಅದು ಕಂಪನಿಯ ನಿಯಮ ಎಂದೆ. “ಕಂಪನಿ ನನ್ನ ಮುಂದ ನಿಂತಿಲ್ಲ, ನೀವು ನಿಂತೀರಿ” ಎಂದು ಎರಡು ರೊಟ್ಟಿ, ಪುಂಡಿಪಲ್ಯೆ ಕಟ್ಟಿಕೊಟ್ಟಳು. ಆ ವರ್ಷ ಅವಳು ತನ್ನ ಕಾನೂನು ಸಡಿಲಿಸಿದ್ದು ಅದೊಂದೇ ಸಲವಂತೆ.

ಆಸ್ಪತ್ರೆಯ ಡಾಕ್ಟರು ರೇವಣಸಿದ್ದನನ್ನು ಐದು ದಿನಕ್ಕೆ ಸೇರಿಸಿಕೊಂಡು ಚೀಟಿ ಬರೆದುಕೊಟ್ಟರು. ನಾಲ್ಕೂವರೆಗೆ ನಾನು, ಕೊಟ್ರಪ್ಪ ಆ ಚೀಟಿಯೊಂದಿಗೆ ರಾಜೇಂದ್ರ ಅವರ ಮುಂದೆ ನಿಂತೆವು. ಅವರು ಮೊದಲು ನನ್ನ ಬಾಯಿಯ ವಾಸನೆಯ ದೂರ ಅಂದಾಜು ಮಾಡಿಕೊಂಡು ಕುರ್ಚಿ ಹಿಂದೆ ಸರಿಸಿದರು. ಬೆಳಗಿನ ಡಬ್ಬಿಯ ಕತೆ ಹೇಳಿ ಮುಗಿಸುವುದಕ್ಕೇ ಹತ್ತು ನಿಮಿಷ ಹಿಡಿಯಿತು.

“ಸರಿ ಕಣ್ರೀ. ಆದ್ರೆ ಕುಡಿದು ಬಿದ್ದಿದ್ದು ಕಾಯಿಲೆ ರಜಾ ಹೆಂಗಾಗತ್ತೆ? ಅವನಾಗೇ ತಂದ್ಕೊಂಡಿದ್ದಲ್ವಾ?”

ನನ್ನ ಬಳಿ ಮೂರು ಅಂಶಗಳಿದ್ದವು. ಮೊದಲನೆಯದಕ್ಕೆ ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಕೊಟ್ರಪ್ಪ ಮಾತಾಡಿದ.

“ಕೊರೋನಾ ಬಂದಾಗ ಎಲ್ಲಾರಿಗೂ ಹದಿನಾಕು ದಿನ ರಜಾ ಕೊಟ್ರಿ ಸಾರ್. ಎಲ್ಲಿ ತಂದ್ಕೊಂಡ್ರಿ ಅಂತ ಒಬ್ಬರಿಗೂ ಕೇಳ್ಲಿಲ್ಲ.”

ರಾಜೇಂದ್ರ ಅವರಿಗೆ ಕೊರೋನಾ ಎರಡು ಸಲ ಬಂದಿತ್ತು. ಎರಡನೆಯದು, ಲಾಕ್‌ಡೌನಿನಲ್ಲಿ ಬಾಗಿಲು ಹಾಕಿಕೊಂಡು ನಡೆಸಿದ ಷಡ್ಡಕನ ಮಗನ ನಿಶ್ಚಿತಾರ್ಥದಿಂದ ಎಂದು ಕಾರ್ಖಾನೆಗೆಲ್ಲ ಗೊತ್ತು. ಅವರು ಫ್ಯಾನು ನೋಡಿದರು. ಪೆನ್ನು ಹುಡುಕಿದರು. ಅದು ಜೇಬಿನಲ್ಲೇ ಇತ್ತು.

ನಿಯಮಾವಳಿಗೆ ಒಂದು ಸಾಲು ಸೇರಿತು: ಕುಡಿತ ಬಿಡಲು ಆಸ್ಪತ್ರೆಗೆ ಹೋದ ದಿನಗಳನ್ನು ಕಾಯಿಲೆ ರಜೆ ಎಂದು ಪರಿಗಣಿಸತಕ್ಕದ್ದು. ಇಪ್ಪತ್ತಮೂರು ವರ್ಷದ ನೌಕರಿಯಲ್ಲಿ ನಾನು ಬರೆದ, ‘ತತ್‌ಕ್ಷಣ’ ಇಲ್ಲದ ಮೊದಲ ಸಾಲು. ರಿಜಿಸ್ಟರನ್ನು ರದ್ದಿಗೆ ಹಾಕಿದೆ. ಕೊಟ್ರಪ್ಪ ಎರಡಕ್ಕೆ ಗೇಟಿಗೆ ಹೋದ. ಕೋಣೆ ಈಗಲೂ ಇದೆ; ಬೀನ್ ಬ್ಯಾಗಿನಲ್ಲಿ ಕ್ಯಾಂಟೀನಿನ ಬೆಕ್ಕು ಮಲಗುತ್ತದೆ, ಅದನ್ನು ಎಬ್ಬಿಸಲು ಯಾರೂ ಬೇಕಾಗುವುದಿಲ್ಲ.

ಆಸ್ಪತ್ರೆಯ ಐದು ದಿನ ಸೇರಿಸಿ ಲೆಕ್ಕ ತೊಂಬತ್ತೈದಕ್ಕೆ ಹೋಯಿತು. ಆ ಕೊನೆಯ ದಿನ ನೋಡಲೆಂದು ಮುಖ್ಯ ಕಚೇರಿಯಿಂದ ವೇಣಿ ಮೇಡಂ ಬಂದರು. ಒಳ್ಳೆಯ ಹೆಣ್ಣುಮಗಳು, ವೈಟ್‌ಫೀಲ್ಡಿನಿಂದ ಪೀಣ್ಯಕ್ಕೆ ಎರಡೂಕಾಲು ಗಂಟೆ ಕ್ಯಾಬಿನಲ್ಲಿ ಕೂತು ಬಂದರೂ ನಗುತ್ತಿದ್ದರು. ಕೈಯಲ್ಲಿ ಟ್ಯಾಬ್, ಅದರಲ್ಲಿ ಫಾರ್ಮ್. ಎರಡು ಗಂಟೆಗೆ ನಾವು ಮೂವರೂ ತಿರುವಿನಲ್ಲಿ ನಿಂತೆವು. ಆ ದಿನ ಏಳು ಚೀಲವಿದ್ದವು; ಎರಡು ನನ್ನ ಕೈಯಲ್ಲಿ.

ರೇವಣಸಿದ್ದ ಬಂದ. ಬಾರಿನ ಹತ್ತಿರ ಅವನ ಹೆಜ್ಜೆ ಕುಂಟಿತು. ಒಂದು ಕಾಲು ಮೆಟ್ಟಿಲ ಮೇಲೆ ಹೋಗಿಯೇಬಿಟ್ಟಿತು ಅನ್ನಿಸಿತು ನನಗೆ. ನಾನು ಬಾಯಿ ತೆರೆದೆ. ಕೊಟ್ರಪ್ಪ ಮೊಣಕೈಯಿಂದ ತಿವಿದ. ರೇವಣಸಿದ್ದ ಚಪ್ಪಲಿಯ ಉಂಗುಷ್ಟ ಸರಿಮಾಡಿಕೊಂಡು, ನಮ್ಮ ಮುಂದೆಯೇ ದಾಟಿ ಹೋದ. ಬಸ್‌ಸ್ಟಾಪಿನಲ್ಲಿ ಚೀಲ ಇಸಿದುಕೊಳ್ಳುವಾಗ, “ಐತವಾರ ಬರ್ತಾಳಂತ ಯಣ್ಣಾ, ಮಗಳನ್ನ ಕರಕೊಂಡು. ನಳ ಇರೋ ರೂಮ್ ಎಲ್ಲಾರ ಇದ್ರ ಹೇಳು” ಎಂದ.

“ಬಸಕ್ಕನ ಹಿಂದಿನ ಓಣ್ಯಾಗ ಒಂದು ಖಾಲಿ ಐತಿ. ಮೊದಲು ಡಬ್ಬಿ ಕೊಡು ಹೋಗು, ಮೂರಾಗ್ತೈತಿ.”

ಅವನು ಹೋದದ್ದನ್ನು ವೇಣಿ ಮೇಡಂ ಕಣ್ಣು ಒದ್ದೆ ಮಾಡಿಕೊಂಡು ನೋಡಿದರು. ಆಮೇಲೆ ಟ್ಯಾಬ್ ಮೇಲೆ ಬೆರಳಿಟ್ಟರು.

“ಕೊಟ್ರಪ್ಪ ಅವರೇ, ಲಾಸ್ಟ್ ಕ್ವೆಶ್ಚನ್. ರೇವಣಸಿದ್ದ ಅವರಂಥೋರಿಗೋಸ್ಕರ ದಿನಾ ಆ ಬಾರ್ ಬಾಗಿಲಲ್ಲಿ ನಿಲ್ತೀರಲ್ಲ, ಆಗ ನಿಮ್ಮ ಮನಸ್ಸಿಗೆ ಏನನ್ನಿಸತ್ತೆ? ಹೆಮ್ಮೆನಾ, ತೃಪ್ತಿನಾ, ಕೃತಜ್ಞತೆನಾ? ಫಾರ್ಮ್‌ನಲ್ಲಿ ಮೂರೇ ಆಪ್ಷನ್ ಇರೋದು.”

“ಕುಡೀಬೇಕು ಅನ್ನಸ್ತೈತ್ರಿ ಮೇಡಂ.”